ಮೊದಲು ಬುತ್ತಿ, ಬಳಿಕ ಧಬಧಬೆ

ಮಳೆಗಾಲವು ಕಾಲಿಟ್ಟಿತೆಂದರೆ ನಂಟರಿಷ್ಟರಿಂದ ನನಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆಯು ತಪ್ಪದೆ ಇರುತ್ತದೆ. ‘ಮಕ್ಕಳುಮರಿಗಳೊಡನೆ ಗೋಕಾಕದ ಧಬಧಬೆಗೆ ಬರಬೇಕೆಂದಿದ್ದೇವೆ. ಯಾವಾಗ ಬರಬೇಕು? ಏನನ್ನು ನೋಡಬೇಕು? ಎಲ್ಲಿ ಉಣ್ಣಬೇಕು?’ ಘಟಪ್ರಭೆಯ ದಂಡೆಯ ಊರುಗಳಲ್ಲಿಯೇ ಶಾಲೆಯ ಕೆಲಸ ಮಾಡಿ ತಲೆ ನರೆತವನಾದುದರಿಂದ ಇದಕ್ಕೆ ಉತ್ತರ ಹೇಳುವ ಅಧಿಕಾರವು ನನಗಿದೆಯೆಂದು ಅವರ ಎಣಿಕೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಈ ತಿಂಗಳ ಬರಹವನ್ನೇ ಇದಕ್ಕೆ ಮೀಸಲಿಡುತ್ತೇನೆ. ವಾಚಕ ಮಹಾಶಯರಿಗೂ ಇದರಿಂದ ಕಿಂಚಿತ್ತು ಉಪಯೋಗವಾದೀತು.

ಆದರೆ ಪ್ರಶ್ನೆಗಳ ಕ್ರಮವನ್ನು ಮಾತ್ರ ನಾನು ತಿರುಗಿಸುತ್ತೇನೆ. ಎಲ್ಲಿ ಉಣ್ಣಬೇಕೆಂಬ ಕಡೆಯ ಪ್ರಶ್ನೆಯೇ ಮೊದಲನೆಯದಾಗತಕ್ಕದ್ದು. ಇದಕ್ಕೊಂದು ಕಾರಣವುಂಟು, ಅದು ನನಗೆ ಹೆಮ್ಮೆಯನ್ನು ತರುವ ಕಾರಣವಲ್ಲ.

ಸುಮಾರು 30 ವರ್ಷಗಳ ಹಿಂದಿನ ಮಾತು. ಮಾರ್ಗಶಿರ ಮಾಸದ ಒಂದು ರವಿವಾರ, ಮಡದಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಗೋಕಾಕ ಫಾಲ್ಸಿಗೆ ಹೋಗಿದ್ದೆನು. ಮಗನಿಗೆ ಆಗ ಏಳು ವರುಷ. ನಾವು ಅಲ್ಲಿಗೆ ಮುಟ್ಟುವ ವೇಳೆಗೆ ಹೊತ್ತು ಏರಿತ್ತು. ನಮ್ಮ ಮನೆಯಾಕೆಯು ಬುತ್ತಿಯ ಗಂಟನ್ನು ಒಂದು ಮರದ ನೆಳಲಿನಲ್ಲಿ ಇಳಿಸಿ, “ಮದ್ಲ ಹುಡುಗರಿಗೆ ಉಣ್ಣಾಕ ಕೊಡೂಣ್ರಿ, ಆಮ್ಯಾಲ ನೋಡೂಣು” ಎಂದಳು. ನಾನು ಒಪ್ಪಲಿಲ್ಲ. “ದೇವರ ದರ್ಶನಕ್ಕೆ ಮುಂಚೆ ಊಟವೆ?” ಎಂದು ಗದರಿಸಿ, ಎಲ್ಲರನ್ನೂ ದಂಡೆಯ ಮೇಲಿನ ಮಹಾಲಿಂಗೇಶ್ವರನ ಗುಡಿಗೆ ನಡೆಯಿಸಿದೆನು. ಅದು ಚಾಲುಕ್ಯರ ಕಾಲದ ಕಟ್ಟಡ. ಕಂಬಗಳನ್ನು ಕಂಡೊಡನೆ ನನ್ನೊಳಗಿನ ಮಾಸ್ತರನು ಎಚ್ಚತ್ತನು. ಕಂಬದಿಂದ ಬಾಗಿಲವಾಡಕ್ಕೆ, ಬಾಗಿಲವಾಡದಿಂದ ನದಿಯ ಹೆಸರಿಗೆ ನನ್ನ ಮಾತು ಹರಿಯಿತು. ಘಟವೆಂದರೆ ಕೊಡ, ಪ್ರಭೆಯೆಂದರೆ ಕಾಂತಿ, ಇದು ಯಾವ ಸಮಾಸವಾಗಬಹುದೆಂದು ನಾಲ್ಕು ವರುಷದ ಮಗಳಿಗೂ ವಿವರಿಸುತ್ತಿದ್ದೆನೆಂದರೆ ನನ್ನ ಆ ದಿನದ ವಿವೇಕವನ್ನು ತಾವೇ ಅಳೆಯಬಹುದು.

ತಿರುಗಿ ನೋಡುವಾಗ ಮಗನಿಲ್ಲ.

ಆ ತಿಂಗಳಿನಲ್ಲಿ ನೀರು ಇಳಿದು ಬಂಡೆಗಳು ಮೇಲೆದ್ದಿರುತ್ತವೆ. ನೋಟಕ್ಕೆ ಒಣಗಿದಂತಿದ್ದರೂ ಪಾಚಿಯು ಒಳಗೊಳಗೇ ಹಸಿಯಾಗಿರುತ್ತದೆ. ನಾನು ಓಡಿ ಹೋಗಿ ನೋಡಲಾಗಿ, ಬಟ್ಟೆ ಒಗೆಯಲು ಬಂದಿದ್ದ ಒಬ್ಬ ತಾಯಿಯು ನನ್ನ ಮಗನ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು. ಅವನ ಒಂದು ಕಾಲು ನೀರಿನಲ್ಲಿತ್ತು. ನೀರು ಅಂಚಿನ ಕಡೆಗೆ ಸಾಗುತ್ತಿತ್ತು. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು: “ಹುಡುಗ ಹಸದಾನ್ರೀ. ತೇಲಿ ಹೋಗೂ ಟೆಂಗಿನ ಹೋಳ ಹಿಡ್ಯಾಕ ಬಂದಿದ್ದ. ಮದ್ಲ ಕೂಸಿಗೆ ಉಣ್ಣಾಕ ಕೊಡ್ರಿ, ಆಮ್ಯಾಲ ನಿಮ್ಮ ಪಾಠಾ ಹೇಳ್ರಿ.”

ನನ್ನ ಮಡದಿಯು ಒಂದು ಮಾತನ್ನೂ ಆಡಲಿಲ್ಲ. ಮರದ ಕೆಳಗೆ ಕುಳಿತು ಗಂಟು ಬಿಚ್ಚುವಾಗ ಅವಳ ಕೈ ನಡುಗುತ್ತಿತ್ತು. ಮೊದಲನೆಯ ರೊಟ್ಟಿಯನ್ನು ಆ ತಾಯಿಗೆ ಕೊಟ್ಟಳು. ಅಂದಿನಿಂದ ಇಂದಿನವರೆಗೆ ಆ ಪ್ರಸಂಗವನ್ನೆತ್ತಿ ನನ್ನನ್ನು ನಿಂದಿಸಿದವಳಲ್ಲ. ನಿಂದಿಸಿದ್ದರೆ ನನಗೆ ಹಗುರವಾಗುತ್ತಿತ್ತೇನೋ! ಅಂದಿನಿಂದ ನಮ್ಮ ಮನೆಯ ಪ್ರವಾಸಗಳಿಗೆ ಒಂದೇ ನಿಯಮ: ಮೊದಲು ಬುತ್ತಿ, ಬಳಿಕ ಧಬಧಬೆ. ದೊಡ್ಡವರ ಹಸಿವು ಸಿಟ್ಟಾಗಿ ಹೊರಬೀಳುತ್ತದೆ; ಮಕ್ಕಳ ಹಸಿವು ಓಟವಾಗಿ ಹೊರಬೀಳುತ್ತದೆ. ನೀರಿನ ಬಳಿಯಲ್ಲಿ ಎರಡೂ ಕೆಟ್ಟವು.

ಇನ್ನು ಪ್ರಶ್ನೆಗಳಿಗೆ ಬರೋಣ.

ರೈಲಿನಲ್ಲಿ ಬರತಕ್ಕವರು ಮೀರಜ–ಬೆಳಗಾವಿ ದಾರಿಯ ಘಟಪ್ರಭಾ ನಿಲ್ದಾಣದಲ್ಲಿ ಇಳಿಯಬೇಕು. ಮುಂಜಾವಿನಲ್ಲಿ ಇಳಿದವರಿಗೆ ಊರೊಳಗಿನ ಸಣ್ಣ ಹೊಟೇಲುಗಳಲ್ಲಿ ಬಿಸಿ ಚಹವೂ ಒಗ್ಗರಣೆಯ ಅವಲಕ್ಕಿಯೂ ಸಿಕ್ಕುತ್ತವೆ. ಇದು ಮೊದಲನೆಯ ತಂಗು, ಇದನ್ನು ತಪ್ಪಿಸಬಾರದು. ಮಧ್ಯಾಹ್ನದ ಊಟಕ್ಕೆ ಗೋಕಾಕದ ಖಾನಾವಳಿಗಳಲ್ಲಿ ಬಿಸಿ ರೊಟ್ಟಿಯ ಊಟವುಂಟು. ಆದರೂ ಮಕ್ಕಳಿರುವ ಕುಟುಂಬವು ಮನೆಯ ಬುತ್ತಿಯನ್ನೇ ನಂಬುವುದು ಲೇಸು. ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹುಡುಗರಿಗೆ ಶೇಂಗಾ ಹೋಳಿಗೆ: ಇಷ್ಟಿದ್ದರೆ ಸಾಕು. ಇವು ಸಂಜೆಯವರೆಗೆ ಕೆಡುವುದಿಲ್ಲ, ಚೆಲ್ಲುವುದಿಲ್ಲ, ಎಲ್ಲಿ ನೆಳಲು ಸಿಕ್ಕಿದರೆ ಅಲ್ಲಿಯೇ ಪಂಕ್ತಿ.

ನಿಲ್ದಾಣದಿಂದ ಹತ್ತಿರದಲ್ಲಿಯೇ ಧೂಪದಾಳವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಹೊಳೆಗೆ ಅಡ್ಡವಾಗಿ ಕಲ್ಲಿನ ಒಡ್ಡನ್ನು ಕಟ್ಟಿ ಕಾಲುವೆಗೆ ನೀರು ತಿರುಗಿಸಿದರು. ಒಡ್ಡಿನ ಹಿಂದೆ ನಿಂತ ನೀರು ಹಕ್ಕಿಗಳಿಗೆ ತವರಾಯಿತು. 1974ರಲ್ಲಿ ಈ ಪ್ರದೇಶವನ್ನು ಪಕ್ಷಿಧಾಮವೆಂದು ಸಾರಲಾಯಿತು. ಚಳಿಗಾಲದಲ್ಲಿ ಮಧ್ಯ ಏಷ್ಯದ ಕಡೆಯಿಂದ ಕ್ರೌಂಚ ಪಕ್ಷಿಗಳು ಇಲ್ಲಿಗೆ ಇಳಿಯುತ್ತವೆ. ಕಾವ್ಯಗಳಲ್ಲಿ ಮಾತ್ರ ಕ್ರೌಂಚವನ್ನು ಕಂಡಿದ್ದ ನನಗೆ, ಅವು ನಮ್ಮ ರೈತರ ಹೊಲದಲ್ಲಿ ಕಾಳು ಹೆಕ್ಕುವುದನ್ನು ಕಂಡಾಗ ಆದ ಆಶ್ಚರ್ಯವು ಇನ್ನೂ ಅಳಿದಿಲ್ಲ.

ಇಲ್ಲಿಯೇ ಋತುವಿನ ಮಾತನ್ನು ಹೇಳಿಬಿಡುತ್ತೇನೆ. ಧಬಧಬೆಯ ವೈಭವವನ್ನು ಬಯಸುವವರು ಆಷಾಢ, ಶ್ರಾವಣ, ಭಾದ್ರಪದಗಳಲ್ಲಿ ಬರಬೇಕು. ಹಕ್ಕಿಗಳನ್ನು ಬಯಸುವವರು ಮಾರ್ಗಶಿರದಿಂದ ಮಾಘದೊಳಗೆ ಬರಬೇಕು. ಒಂದೇ ಪ್ರವಾಸದಲ್ಲಿ ಎರಡನ್ನೂ ಪಡೆಯುವೆನೆಂದು ಹೊರಟವನು ಎರಡನ್ನೂ ಅರೆಯಾಗಿ ಕಂಡು ಹಿಂದಿರುಗುವನು. ವೈಶಾಖದ ರಜೆಯಲ್ಲಿ ಬಂದವರು ಬರಿಯ ಬಂಡೆಯನ್ನು ಕಂಡು ‘ಇದೇನು ಜಲಪಾತ!’ ಎಂದು ಹಳಿಯುವುದನ್ನು ಕೇಳಿದ್ದೇನೆ. ತಪ್ಪು ಹೊಳೆಯದಲ್ಲ. ಅದರ ನೀರು ಆಗ ಹೊಲಗದ್ದೆಗಳಲ್ಲಿಯೂ ನಮ್ಮ ನಿಮ್ಮ ಮನೆಯ ಕೊಡಗಳಲ್ಲಿಯೂ ಇರುತ್ತದೆ.

ಇನ್ನು ಧಬಧಬೆ. ಸಹ್ಯಾದ್ರಿಯಲ್ಲಿ ಹುಟ್ಟಿ ಕೃಷ್ಣೆಯನ್ನು ಕೂಡುವ ಈ ನದಿಯು ಇಲ್ಲಿ ಸುಮಾರು 170 ಅಡಿಗಳ ಆಳಕ್ಕೆ ಧುಮುಕುತ್ತದೆ. ಬಂಡೆಯ ಅಂಚು ಕುದುರೆಯ ಲಾಳದಂತೆ ಬಾಗಿದೆ. ತುಂಬು ಮಳೆಯಲ್ಲಿ ನೀರು ಕೆಂಪುಮಣ್ಣಿನ ಬಣ್ಣವನ್ನು ತಾಳಿ, ಬೀಳುವ ಸಪ್ಪಳವು ಎದೆಯೊಳಗೆ ಕೇಳಿಸುತ್ತದೆ. ಮೇಲ್ಗಡೆ ಒಂದು ತೂಗು ಸೇತುವೆಯಿದೆ. ಉದ್ದ ಸುಮಾರು 200 ಮೀಟರು. ಜನರನ್ನು ಬಿಡುವ ದಿನಗಳಲ್ಲಿ ಅದರ ಮೇಲೆ ನಡೆದರೆ ಹಲಗೆಗಳು ಕಾಲ ಕೆಳಗೆ ಮೆಲ್ಲನೆ ತೂಗುತ್ತವೆ. ಮುಚ್ಚಿದ ದಿನ ಕಾವಲುಗಾರರೊಡನೆ ವಾದಕ್ಕೆ ನಿಲ್ಲಬೇಡಿರಿ. ಈ ನೀರಿನ ಬಲದಿಂದಲೇ 1887ರಷ್ಟು ಹಿಂದೆ ದಂಡೆಯ ನೂಲಿನ ಗಿರಣಿಯ ಯಂತ್ರಗಳು ತಿರುಗಿದವು. ಬೀಳುವ ನೀರು ಅನ್ನಕ್ಕೂ ಅರಿವೆಗೂ ದಾರಿಯಾದ ಕಥೆಯನ್ನು ಮಕ್ಕಳಿಗೆ ಅವಶ್ಯವಾಗಿ ಹೇಳಿರಿ; ಉಂಡ ಮೇಲೆ ಹೇಳಿರಿ, ಐದು ನಿಮಿಷದಲ್ಲಿ ಮುಗಿಸಿರಿ.

ಒಂದು ಎಚ್ಚರಿಕೆ. ತಲೆಯ ಮೇಲೆ ಆಕಾಶವು ತಿಳಿಯಾಗಿದೆಯೆಂದು ಹೊಳೆಯನ್ನು ನಂಬಲಾಗದು. ಘಟ್ಟದಲ್ಲಿ ಬಿದ್ದ ಮಳೆ, ಹಿಡಕಲ್ಲಿನಿಂದ ಬಿಟ್ಟ ನೀರು, ಇವು ಹೇಳಿ ಕೇಳಿ ಬರುವುದಿಲ್ಲ. 2019ರ ಆಗಸ್ಟಿನಲ್ಲಿ ಇದೇ ನದಿಯು ಗೋಕಾಕದ ಓಣಿಗಳನ್ನು ಹೊಕ್ಕು ಮನೆಗಳನ್ನು ಮುಳುಗಿಸಿದ್ದನ್ನು ಈ ಕಡೆಯವರು ಮರೆಯರು. ಆದುದರಿಂದ ಕಟಕಟೆಯ ಆಚೆಗೆ ಕಾಲಿಡಬಾರದು; ಚಿತ್ರ ತೆಗೆಯಿಸಿಕೊಳ್ಳಲು ಬಂಡೆಯ ಅಂಚಿಗೆ ಸರಿಯಬಾರದು; ಪ್ರತಿಯೊಂದು ಮಗುವಿಗೂ ಒಬ್ಬೊಬ್ಬ ಹಿರಿಯರು ಮೊದಲೇ ನೇಮಕವಾಗಿರಬೇಕು. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲವೆಂದೇ ಅರ್ಥ. ದಂಡೆಯಲ್ಲಿ ಸುಟ್ಟ ಗೋಂಜಾಳದ ತೆನೆಗಳನ್ನು ಉಪ್ಪುಖಾರ ಹಚ್ಚಿ ಮಾರುತ್ತಾರೆ. ಮಕ್ಕಳ ಕೈಗೆ ಒಂದೊಂದನ್ನು ಕೊಟ್ಟರೆ ಅರ್ಧ ತಾಸು ಕುಳಿತಲ್ಲಿಯೇ ಕುಳಿತು ನೀರನ್ನು ನೋಡುತ್ತಾರೆ. ಇದು ನನ್ನ ಮಡದಿಯ ಉಪಾಯ. ಯಾವ ಕಟಕಟೆಯೂ ಇದಕ್ಕೆ ಸಮನಲ್ಲ.

ಹೊತ್ತು ಇಳಿಯುವಾಗ ಗೋಕಾಕ ಪಟ್ಟಣಕ್ಕೆ ಬರಬೇಕು. ಇಲ್ಲಿಯ ಕರದಂಟು ಲೋಕಪ್ರಸಿದ್ಧ. ಕರಿದ ಎಂಬುದಕ್ಕೆ ಅಂಟು ಎಂಬುದು ಸೇರಿ ಲೋಪಸಂಧಿಯಾದ ಪದವಿದು; ಬಾಯಿಂದ ಬಾಯಿಗೆ ಹೋಗುತ್ತ ಕರದಂಟಾಯಿತು. ಮರದ ಅಂಟನ್ನು ತುಪ್ಪದಲ್ಲಿ ಕರಿದರೆ ಅದು ಅರಳಿನಂತೆ ಉಬ್ಬುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆಗಳನ್ನು ಕೂಡಿಸಿ ಬೆಲ್ಲದ ಪಾಕದಲ್ಲಿ ಹಾಕಿ ತಟ್ಟಿ ಕೊಯ್ಯುತ್ತಾರೆ. ಬಾಣಂತಿಯರಿಗೆ ಬಲ ಬರಲೆಂದು ನಮ್ಮ ಕಡೆಯ ತಾಯಂದಿರು ಅಂಟಿನುಂಡೆಯನ್ನು ಕೊಡುವ ರೂಢಿಯು ಹಿಂದಿನಿಂದ ಬಂದದ್ದು. ಕರದಂಟು ಅದೇ ಕುಲದ ಸಿರಿವಂತ ಮಗಳು. ಬಾಗಲಕೋಟೆ ಜಿಲ್ಲೆಯ ಅಮೀನಗಡದಲ್ಲಿಯೂ ಒಳ್ಳೆಯ ಕರದಂಟಾಗುತ್ತದೆ. ಎರಡರಲ್ಲಿ ಯಾವುದು ಮೇಲೆಂಬ ವ್ಯಾಜ್ಯವನ್ನು ಬೀಗರ ಮನೆಯಲ್ಲಿ ಎತ್ತಬೇಡಿರಿ. ಕೊಳ್ಳುವಾಗ ಒಂದು ತುಣುಕನ್ನು ಬಾಯಲ್ಲಿ ಹಾಕಿ ನೋಡಿರಿ. ಕೊಬ್ಬರಿಯು ಕಮಟಾಗಿರಬಾರದು, ಬೆಲ್ಲವು ಹಲ್ಲಿಗೆ ಅಂಟಿ ಕಾಡಬಾರದು, ಅಂಟು ಕರಕರನೆ ಮುರಿಯಬೇಕು.

ಇದೇ ಊರಿನ ಬಣ್ಣದ ಆಟಿಕೆಗಳೂ ಹೆಸರಾದವು. ಹಗುರಾದ ಕಟ್ಟಿಗೆಯಲ್ಲಿಯೂ ಮಣ್ಣಿನಲ್ಲಿಯೂ ಹಣ್ಣು ಕಾಯಿಪಲ್ಯಗಳನ್ನು ನಿಜವಾದವೆಂಬಂತೆ ಮಾಡುತ್ತಾರೆ. ನಮ್ಮ ಕಿರಿಯ ಮೊಮ್ಮಗಳು ಮಾವಿನ ಹಣ್ಣೊಂದನ್ನು ಕಚ್ಚಿ, “ಅಜ್ಜಾ, ಇದು ಇನ್ನಾ ಕಾಯಿ ಐತಿ” ಎಂದಳು. ಮಾಡಿದವನಿಗೆ ಇದಕ್ಕಿಂತ ದೊಡ್ಡ ಬಹುಮಾನವಿಲ್ಲ.

ಎರಡನೆಯ ದಿನವೂ ಬಿಡುವಿದ್ದವರು ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಗೆ ಹೋಗಬಹುದು. ಗೋಕಾಕದಿಂದ ಸುಮಾರು 15 ಕಿಲೋಮೀಟರು. ಅಲ್ಲಿ ನೀರು ಎರಡು ಮಜಲುಗಳಲ್ಲಿ ಇಳಿಯುತ್ತದೆ, ಗದ್ದಲ ಕಡಿಮೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವಿದೆ. ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲನ ಗುಡಿಯು ಮುಳುಗಿದ್ದು, ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಕಣ್ಣಿಗೆ ಬೀಳುತ್ತದೆ. ವೈಶಾಖದಲ್ಲಿ ಬಂದು ಧಬಧಬೆಯನ್ನು ಕಳೆದುಕೊಂಡವರಿಗೆ ಅದೊಂದು ಸಮಾಧಾನ. ಚಳಿಗಾಲದಲ್ಲಿ ಬಂದವರು ಮೂಡಲಗಿಯ ಕಡೆಯ ಕಬ್ಬಿನ ಸೀಮೆಯಲ್ಲಿ ಬೆಲ್ಲದ ಗಾಣವೆಲ್ಲಿದೆಯೆಂದು ಕೇಳಿಕೊಂಡು ಹೋಗಲಿ. ಬಿಸಿ ಬೆಲ್ಲಕ್ಕೆ ಹುರಿದ ಶೇಂಗಾ ಕೂಡಿದರೆ ಬೇರೆ ಫಳಾರ ಬೇಡ. ಪರಿಚಯದ ರೈತರಿದ್ದರೆ ಹೊಲದಲ್ಲಿಯೇ ಸೀತನಿ ಸುಟ್ಟು ತಿನ್ನಿಸುವರು.

ಕಳೆದ ಶ್ರಾವಣದಲ್ಲಿ ಮಗನು ತನ್ನ ಮಡದಿಮಕ್ಕಳೊಡನೆ ನಮ್ಮನ್ನೂ ಧಬಧಬೆಗೆ ಕರೆದೊಯ್ದನು. ಅದೇ ಮರದ ಕೆಳಗೆಂದು ಹೇಳಲಾರೆ. ಅಂಥದೊಂದು ಮರದ ಕೆಳಗೆ ಮೊದಲು ಪಂಕ್ತಿಯಾಯಿತು. ಊಟವಾದ ಮೇಲೆ ಮಗನು ತನ್ನ ಹುಡುಗನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಕಟಕಟೆಯ ಬಳಿ ನಿಂತು, “ಅಪ್ಪಾ, ನಾ ನಿಂತಿದ್ದ ಕಲ್ಲು ಯಾವುದ್ರಿ?” ಎಂದು ಕೇಳಿದನು. ಅವನಿಗೆ ನೆನಪಿರಬಹುದೆಂದು ನಾನು ಎಣಿಸಿರಲಿಲ್ಲ. ತೋರಿಸೋಣವೆಂದರೆ ಎಲ್ಲೆಲ್ಲಿಯೂ ಕೆಂಪು ನೀರು; ಕಲ್ಲು ಕಾಣಲಿಲ್ಲ. “ಅಂದು ತಪ್ಪು ನಂದು” ಎಂದಷ್ಟೇ ಹೇಳಿದೆನು. ಮೂವತ್ತು ವರ್ಷ ಬಾಯಲ್ಲಿಯೇ ಇದ್ದ ಮಾತು. ಹಿಂದೆ ಕುಳಿತಿದ್ದ ನನ್ನ ಮಡದಿಗೆ ನೀರಿನ ಸಪ್ಪಳದಲ್ಲಿ ಅದು ಕೇಳಿಸಿತೋ ಇಲ್ಲವೋ ತಿಳಿಯದು. ಅವಳು ಹಲ್ಲಿಲ್ಲದ ನನಗಾಗಿ ಕರದಂಟನ್ನು ಕಲ್ಲಿನಿಂದ ಕುಟ್ಟಿ ಪುಡಿ ಮಾಡುತ್ತಿದ್ದಳು.

ವಾಚಕರೇ, ಬನ್ನಿರಿ, ನಮ್ಮ ಹೊಳೆಯನ್ನು ನೋಡಿರಿ. ಬುತ್ತಿ ಕಟ್ಟುವಾಗ ಮನೆಯ ತಲೆಗಳನ್ನೆಣಿಸಿ ಒಂದು ರೊಟ್ಟಿಯನ್ನು ಹೆಚ್ಚಾಗಿಯೇ ಕಟ್ಟಿರಿ. ನಿಮ್ಮ ಮಗುವಿನ ಕೈ ಹಿಡಿಯತಕ್ಕವರು ಯಾರೆಂಬುದು ಮುಂಚಿತವಾಗಿ ತಿಳಿಯುವುದಿಲ್ಲ.