ಹೊಳಪು ಆರಿದರೆ ಅಪಾಯ

ಸ್ಮಾರ್ಟ್ ಪಾಲಿಮರ್ ಅಂದ್ರೆ ನಿಮಗೆ ಫೋನಿನ ಸ್ಕ್ರೀನ್ ನೆನಪಾಗಬಹುದು. ನನಗೆ ನೆನಪಾಗೋದು ನೆಲಬಾಂಬು.

1998ರಲ್ಲಿ ಎಂಐಟಿಯ ಟಿಮೊಥಿ ಸ್ವಾಗರ್ ಮತ್ತು ಸಹೋದ್ಯೋಗಿ ಒಂದು ಪಾಲಿಮರ್ ಬಗ್ಗೆ ಬರೆದರು. ಅತಿನೇರಳೆ ಬೆಳಕು ಬಿದ್ದರೆ ಅದು ಹೊಳೆಯುತ್ತೆ, ಟಿಎನ್‌ಟಿ ಆವಿ ತಾಗಿದರೆ ಮಂಕಾಗುತ್ತೆ. ಗುಟ್ಟು ಇರೋದು ಅದರ ಸರಪಳಿಯಲ್ಲಿ. ಹೀರಿಕೊಂಡ ಶಕ್ತಿ ಸರಪಳಿಯುದ್ದಕ್ಕೂ ಓಡಾಡುತ್ತೆ. ದಾರಿಯಲ್ಲಿ ಎಲ್ಲೋ ಒಂದು ಟಿಎನ್‌ಟಿ ಅಣು ಕೂತಿದ್ದರೂ ಸಾಕು, ಅಲ್ಲೇ ಸಿಕ್ಕಿಬೀಳುತ್ತೆ. ಗಣೇಶನ ಪೆಂಡಾಲಿನ ಹಳೇ ಸೀರಿಯಲ್ ಸೆಟ್ ಥರ: ಒಂದು ಬಲ್ಬು ಹೋದರೆ ಇಡೀ ಸಾಲು ಕತ್ತಲು.

ಇದು ಸಾಧನವಾಗಿ ಬೆಳೆಯಲು ದುಡ್ಡು ಕೊಟ್ಟದ್ದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ. ನಾಯಿಯ ಮೂಗಿಗೆ ಪೈಪೋಟಿ ಅಂತ 'ಫಿಡೊ' ಎಂದು ಹೆಸರಿಟ್ಟು ಇರಾಕ್‌ಗೂ ಒಯ್ದರು. ಆದರೆ ಅದೇ ಅಮೆರಿಕ 1997ರ ಒಟ್ಟಾವ ನೆಲಬಾಂಬು ನಿಷೇಧ ಒಪ್ಪಂದಕ್ಕೆ ಸೇರಿಲ್ಲ. ಭಾರತವೂ ಇಲ್ಲ, ಪಾಕಿಸ್ತಾನವೂ ಇಲ್ಲ. 2025ರಲ್ಲಿ ಲಿಥುವೇನಿಯಾ, ಫಿನ್ಲೆಂಡ್‌ನಂಥ ದೇಶಗಳು ರಷ್ಯಾದ ಭಯದಿಂದ ಹೊರಬರಲು ತೀರ್ಮಾನಿಸಿದವು.

ಆ ಭಯ ಸುಳ್ಳು ಅಂತ ನಾನು ಹೇಳಲ್ಲ. ಆದರೆ 2001-02ರ ಆಪರೇಷನ್ ಪರಾಕ್ರಮದ ಹೊತ್ತಲ್ಲಿ ಪಂಜಾಬ್, ರಾಜಸ್ಥಾನದ ಗಡಿ ಹೊಲಗಳಲ್ಲಿ ನಮ್ಮದೇ ಸೇನೆ ಹೂತ ಬಾಂಬುಗಳಿಗೆ ಕಾಲು ಕೊಟ್ಟವರಲ್ಲಿ ನಮ್ಮ ರೈತರೂ ಇದ್ದರು, ನಮ್ಮ ಸೈನಿಕರೂ ಇದ್ದರು.