‘ಸಾಕು’ ಎನ್ನಲು ನಾಚಿಕೆ ಏಕೆ?

ಹೋದ ವರ್ಷ ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದ ಖುಷಿಯಲ್ಲಿ ನಾವು ಐವರು ಗೆಳೆಯರು ಬಾದಾಮಿಗೆ ಹೋಗಿದ್ದೆವು. ಬಸ್ ತಡವಾಗಿ, ಗುಡ್ಡ ಹತ್ತಲು ಶುರು ಮಾಡಿದಾಗ ಮಧ್ಯಾಹ್ನ ಹನ್ನೆರಡು. ಐವರಿಗೆ ಎರಡೇ ಬಾಟಲಿ ನೀರು. ಅರ್ಧ ದಾರಿಯಲ್ಲಿ ಒಬ್ಬ ತಲೆ ಹಿಡಿದು ಕುಳಿತ. “ಇಷ್ಟಕ್ಕೇ ಸುಸ್ತಾದ್ಯಾ?” ಎಂದು ನಕ್ಕೆವು. ನಾಚಿಕೊಂಡು ಮತ್ತೆ ಹತ್ತಿದ. ಮೇಲೆ ಹೋದ ಮೇಲೆ ಏನೇನೋ ತೊದಲತೊಡಗಿದ. ಅದನ್ನೂ ತಮಾಷೆ ಎಂದುಕೊಂಡೆವು. ಸೌತೆಕಾಯಿ ಮಾರುತ್ತಿದ್ದ ಅಜ್ಜಿಯೊಬ್ಬರು ಅವನನ್ನು ನೆರಳಿಗೆ ಎಳೆದು, ತಮ್ಮ ಕೊಡದ ನೀರನ್ನೆಲ್ಲ ಮೈಮೇಲೆ ಸುರಿದು, ಸೆರಗಿನಿಂದ ಗಾಳಿ ಹಾಕಿದರು. “ತಮಾಷಿ ಅಲ್ಲೋ ತಮ್ಮಾ, ಬಿಸಲ ಬಡದೈತಿ” ಎಂದರು. ಗೆಳೆಯ ಉಳಿದ. ನಮ್ಮ ನಗು ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತದೆ.

“ನಾವು ವಿಜಯಪುರ ಜಿಲ್ಲೆಯವರು, ನಮಗೆ ಬಿಸಿಲು ಹೊಸದೇ?” ಎನ್ನುವವರಿದ್ದಾರೆ. ಬಿಸಿಲಿನಲ್ಲಿ ದುಡಿಯಲು ದೇಹ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ದಿನವೂ ಹೊಲದಲ್ಲಿ ದುಡಿಯುವ ಅಪ್ಪನಿಗೆ ಅದು ಇರಬಹುದು. ವರ್ಷವಿಡೀ ಫ್ಯಾನಿನ ಕೆಳಗೆ ಓದಿದ ನಮಗಿಲ್ಲ. ಬಿಸಿಲು ಬಲ್ಲ ಹಿರಿಯರು ಅದರೊಂದಿಗೆ ಪಂತ ಕಟ್ಟುವುದಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ನಸುಕಿನಲ್ಲಿ ನಡೆದು, ಮಧ್ಯಾಹ್ನ ನೆರಳಲ್ಲಿ ತಂಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರವೇ ನಮ್ಮ ಭಾಗದ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಬಿಸಿಲು ತೀವ್ರವಾದಾಗ ಝುಹರ್ ನಮಾಜನ್ನು ತಂಪಾಗುವವರೆಗೆ ತಡಮಾಡಿ ಎಂದು ಹದೀಸ್‌ನಲ್ಲಿದೆ. ನಮಾಜಿಗೇ ಆ ಅವಕಾಶವಿರುವಾಗ ನಮ್ಮ ಚಾರಣಕ್ಕೇನು ಅವಸರ?

2024ರ ಹಜ್ ಯಾತ್ರೆಯನ್ನು ನೆನೆಯೋಣ. ಮಕ್ಕಾದಲ್ಲಿ ತಾಪಮಾನ 51 ಡಿಗ್ರಿ ದಾಟಿತು, 1,300ಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ಸೌದಿ ಸರ್ಕಾರದ ಪ್ರಕಾರ ಅವರಲ್ಲಿ ಬಹುಪಾಲು ಜನ ನೋಂದಣಿಯಿಲ್ಲದೆ ಬಂದು, ನೆರಳಿಲ್ಲದೆ ಬಹುದೂರ ನಡೆದವರು.

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ, ವಿಪರೀತ ಬೆವರು ಮೊದಲ ಎಚ್ಚರಿಕೆ. ಆಗಲೇ ನಿಂತು, ನೆರಳಿಗೆ ಹೋಗಿ, ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕು. ಮಾತು ತಪ್ಪಿದರೆ, ನಡಿಗೆ ತೂಗಾಡಿದರೆ, ಪ್ರಜ್ಞೆ ಹೋದರೆ ಅದು ಹೀಟ್‌ಸ್ಟ್ರೋಕ್. ದೇಹದ ಒಳಗಿನ ಶಾಖ 40 ಡಿಗ್ರಿ ಮೀರಿರುತ್ತದೆ. ಬೆವರು ಬರುತ್ತಿದೆ ಎಂದು ಸುಮ್ಮನಿರಬೇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಿ. ಜ್ವರದ ಮಾತ್ರೆ ಇದಕ್ಕೆ ಉಪಯೋಗವಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಬಿಸಿಲು ಬಡಿದಾಗ ಮಿದುಳೇ ಮಂಕಾಗುತ್ತದೆ. ತನಗೇನಾಗಿದೆ ಎಂಬುದು ಆ ವ್ಯಕ್ತಿಗೇ ತಿಳಿಯದು. ಆದ್ದರಿಂದ “ಕಷ್ಟವಾದರೆ ಅವನೇ ಹೇಳುತ್ತಾನೆ” ಎಂದು ಕಾಯುವುದು ತಪ್ಪು. ನಿಲ್ಲಿಸುವ ಹೊಣೆ ಜೊತೆಯಲ್ಲಿರುವವರದು.

ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಶಿಬಿರಕ್ಕೂ ಪ್ರವಾಸಕ್ಕೂ ಈ ನಿಯಮಗಳು ಬರಹದಲ್ಲಿರಲಿ ಎಂದು ಪ್ರಾಚಾರ್ಯರಲ್ಲಿ, ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ. ಚಾರಣ ನವೆಂಬರ್‌ನಿಂದ ಜನವರಿಯೊಳಗೇ ನಡೆಯಲಿ. ಬೇಸಿಗೆಯಲ್ಲಿ ಹೋಗಲೇಬೇಕಾದರೆ ಬೆಳಿಗ್ಗೆ ಹತ್ತರೊಳಗೆ ನಡಿಗೆ ಮುಗಿಯಲಿ. ಡೇರೆಯನ್ನು ಮರದ ನೆರಳಲ್ಲೇ ಹಾಕಲಿ. ಬಯಲಿನಲ್ಲಿ ಅದು ಹಗಲು ಒಲೆಯಾಗುತ್ತದೆ. ಉಪವಾಸವಿರುವವರನ್ನು ಚಾರಣಕ್ಕೆ ಒತ್ತಾಯಿಸುವುದು ಬೇಡ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಇನ್ನೊಬ್ಬರನ್ನು ನೋಡಿಕೊಳ್ಳಲಿ. ಯಾರೇ ‘ಸಾಕು’ ಎಂದರೂ ಇಡೀ ತಂಡ ನಿಲ್ಲಲಿ, ಯಾರೂ ನಗದಿರಲಿ.

ಗೆಳೆಯರೇ, ಕೊನೆಯ ನಿಯಮಕ್ಕೆ ಯಾರ ಸಹಿಯೂ ಬೇಕಿಲ್ಲ. ಅದನ್ನು ಇವತ್ತಿನಿಂದಲೇ ಪಾಲಿಸಬಹುದು.

— ದ್ವಿತೀಯ ಪಿಯು ವಿಜ್ಞಾನ ವಿಭಾಗದ ವಿದ್ಯಾರ್ಥಿ