ಒಂದೇ ‘ಅಲ್ಲಿ’, ಮೂರು ಬಾಗಿಲು

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಸೇರಿದ ವರ್ಷ ನಾನು ಬರೆದ ರಜಾ ಅರ್ಜಿಯೊಂದರಲ್ಲಿ ‘ಐ ವೆಂಟ್ ಟು ಹೋಮ್’ ಎಂದಿತ್ತು. ಮೇಷ್ಟ್ರು ‘ಟು’ ಮೇಲೆ ಕೆಂಪು ಗೀಟೆಳೆದರು. ಮುಂದಿನ ಸಲ ಜಾಣತನ ತೋರಿಸಲು ಹೋಗಿ ‘ಐ ವೆಂಟ್ ಕಾಲೇಜ್’ ಎಂದು ಬರೆದೆ. ಈ ಸಲ ಅದೇ ಕೆಂಪು ಶಾಯಿಯಲ್ಲಿ ಅದೇ ‘ಟು’ ನಡುವೆ ಬಂದು ಕೂತಿತು. ಹಾಕಿದರೂ ತಪ್ಪು, ಬಿಟ್ಟರೂ ತಪ್ಪು. ಯಾಕೆ ಸಾರ್ ಎಂದು ಕೇಳಿದ್ದಕ್ಕೆ, “ಅದು ಹಾಗೇ ಕಣಯ್ಯಾ, ಬಾಯಿಪಾಠ ಮಾಡ್ಕೋ” ಎಂದರು.

ಇಂಗ್ಲಿಷಿನ ಪ್ರಿಪೊಸಿಷನ್‌ಗಳ ಬಗ್ಗೆ ನಮ್ಮಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಸಿಕ್ಕಿರುವ ಉತ್ತರ ಇದೇ. ಇವೆಲ್ಲ ನಿಜವಾಗಿಯೂ ಬಾಯಿಪಾಠದ ಸರಕೇ? ಇಲ್ಲವೇ ಇವುಗಳ ಹಿಂದೆ ಕಾರಣವೊಂದಿದೆಯೇ? ಕಾರಣ ಇದೆ, ಅದನ್ನು ಹುಡುಕಲು ಕನ್ನಡದಿಂದಲೇ ಹೊರಡಬೇಕು ಎನ್ನುವುದು ನನ್ನ ವಾದ.

ಮನೆಯಲ್ಲಿದ್ದೇನೆ, ಮನೆಗೆ ಹೋಗುತ್ತೇನೆ, ಮನೆಯಿಂದ ಬಂದೆ. ಇರುವ ಜಾಗಕ್ಕೆ ‘ಅಲ್ಲಿ’, ಸೇರುವ ಜಾಗಕ್ಕೆ ‘ಗೆ’, ಬಿಟ್ಟುಬಂದ ಜಾಗಕ್ಕೆ ‘ಇಂದ’. 13ನೇ ಶತಮಾನದ ವೈಯಾಕರಣ ಕೇಶಿರಾಜ ಇಂಥ ವಿಭಕ್ತಿಗಳನ್ನು ಸೂತ್ರದಲ್ಲಿ ಕಟ್ಟಿಕೊಟ್ಟ. ಆದರೆ ಅವನ ಹೆಸರೇ ಕೇಳದ ಮೂರು ವರ್ಷದ ಮಗುವೂ ಈ ಮೂರನ್ನು ಅದಲುಬದಲು ಮಾಡುವುದಿಲ್ಲ. ಇರುವುದು ಬೇರೆ, ಚಲಿಸುವುದು ಬೇರೆ ಎಂಬುದು ನಮ್ಮ ನಾಲಗೆಗೆ ಆಗಲೇ ಗೊತ್ತು.

ಈ ವಿಷಯದಲ್ಲಿ ಇಂಗ್ಲಿಷೇ ಒಂದಿಷ್ಟು ಸಡಿಲ. ‘ದ ಕ್ಯಾಟ್ ರ‍್ಯಾನ್ ಅಂಡರ್ ದ ಟೇಬಲ್’ ಎಂದರೆ ಬೆಕ್ಕು ಮೇಜಿನ ಕೆಳಗೇ ಓಡಾಡುತ್ತಿತ್ತೋ, ಬೇರೆಲ್ಲಿಂದಲೋ ಬಂದು ಮೇಜಿನ ಕೆಳಕ್ಕೆ ನುಗ್ಗಿತೋ, ವಾಕ್ಯ ಹೇಳುವುದಿಲ್ಲ. ‘ಕೆಳಗೆ’, ‘ಕೆಳಕ್ಕೆ’ ಎಂದು ನಾವು ಬೇರೆಮಾಡಬಹುದಾದ ಕಡೆ ಅವರಿಗೆ ಒಂದೇ ಪದ. ಹಳೆಯ ಇಂಗ್ಲಿಷಿನಲ್ಲಿ ಹೀಗಿರಲಿಲ್ಲ. ನಾಮಪದಗಳಿಗೆ ವಿಭಕ್ತಿಗಳಿದ್ದವು, ಒಂದೇ ಪ್ರಿಪೊಸಿಷನ್ ಮುಂದೆ ಒಂದು ವಿಭಕ್ತಿ ಬಂದರೆ ಇರವು, ಇನ್ನೊಂದು ಬಂದರೆ ಚಲನೆ. ಅದರ ದಾಯಾದಿ ಜರ್ಮನ್ ಈ ಪದ್ಧತಿಯನ್ನು ಇವತ್ತಿಗೂ ಉಳಿಸಿಕೊಂಡಿದೆ. ಇಂಗ್ಲಿಷ್ ಮಾತ್ರ ಶತಮಾನಗಳ ಸವೆತದಲ್ಲಿ ಪ್ರತ್ಯಯಗಳನ್ನು ಕಳೆದುಕೊಂಡಿತು. ಅವು ಹೊರುತ್ತಿದ್ದ ಹೊರೆಯೆಲ್ಲ ಪ್ರಿಪೊಸಿಷನ್‌ಗಳ ಹೆಗಲಿಗೆ ಬಿತ್ತು.

ಹಾಗಾದರೆ ನಾವು ಎಡವುವುದೆಲ್ಲಿ? ಪಕ್ಕದ ಮನೆಯ ಐದನೇ ತರಗತಿಯ ಹುಡುಗಿಗೆ ಪಾಠ ಹೇಳಲು ಕೂತಾಗ ನನಗೆ ಇದು ಕಣ್ಣಿಗೆ ಕಟ್ಟಿತು. ಅಡುಗೆಮನೆಯಿಂದ ಒಂದು ಸ್ಟೀಲ್ ಡಬ್ಬಿ, ಒಂದು ಹಿಡಿ ಕಡಲೆಬೀಜ ತಂದೆ. ಡಬ್ಬಿಯೊಳಗೆ ನಾಲ್ಕು ಬೀಜ ಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೆ ಎರಡು ಇಟ್ಟೆ. ಒಳಗಿನವು ‘ಇನ್’, ಮುಚ್ಚಳದ ಮೇಲಿನವು ‘ಆನ್’. ಅಷ್ಟು ಅವಳಿಗೆ ಸಲೀಸು. ಆಮೇಲೆ ಡಬ್ಬಿಯನ್ನು ಸ್ವಲ್ಪ ವಾಲಿಸಿದೆ. ಮುಚ್ಚಳದ ಮೇಲಿದ್ದ ಬೀಜ ಉರುಳಿ ಬಿತ್ತು. “ಮುಚ್ಚಳದಿಂದ ಬಿತ್ತು” ಎಂದಳು. ಮುಚ್ಚಳ ತೆಗೆದು ಒಳಗಿನದೊಂದನ್ನು ಎತ್ತಿದೆ. “ಡಬ್ಬಿಯಿಂದ ತೆಗೆದ್ರಿ” ಎಂದಳು. ಎರಡಕ್ಕೂ ‘ಇಂದ’, ಇಂಗ್ಲಿಷಿನಲ್ಲಿ ಎರಡಕ್ಕೂ ‘ಫ್ರಮ್’ ಎಂದಳು. ತಪ್ಪಲ್ಲ. ಆದರೆ ಇಂಗ್ಲಿಷ್ ಆಡಿ ಬೆಳೆದವರು ಮೊದಲನೆಯದಕ್ಕೆ ‘ಆಫ್’, ಎರಡನೆಯದಕ್ಕೆ ‘ಔಟ್ ಆಫ್’ ಎನ್ನುವುದೇ ಹೆಚ್ಚು.

ವ್ಯತ್ಯಾಸ ಇಲ್ಲಿದೆ. ಬೀಜ ಎಲ್ಲಿಂದಲೋ ಹೊರಟಿತಲ್ಲ, ಅಷ್ಟು ಕನ್ನಡದ ‘ಇಂದ’ಕ್ಕೆ ಸಾಕು. ಹೊರಟ ಜಾಗದ ಆಕಾರ ಎಂಥದು ಎಂದು ಇಂಗ್ಲಿಷ್ ಮತ್ತೆ ಕೇಳುತ್ತದೆ. ಜಾಗವನ್ನು ಅದು ಮೂರು ಬಗೆಯಲ್ಲಿ ಕಾಣುತ್ತದೆ: ಬರೀ ಒಂದು ಚುಕ್ಕೆಯಾಗಿ, ಹರಡಿದ ಮೈಯಾಗಿ, ಒಳಗು ಉಳ್ಳ ಪಾತ್ರೆಯಾಗಿ. ಚುಕ್ಕೆಯಾದರೆ ಇರಲು ‘ಆ್ಯಟ್’, ಹೋಗಲು ‘ಟು’, ಬರಲು ‘ಫ್ರಮ್’. ಮೈಯಾದರೆ ‘ಆನ್’, ‘ಆನ್‌ಟು’, ‘ಆಫ್’. ಪಾತ್ರೆಯಾದರೆ ‘ಇನ್’, ‘ಇನ್‌ಟು’, ‘ಔಟ್ ಆಫ್’. ಮೂರು ಮೂರಲಿ ಒಂಬತ್ತು. ಪಟ್ಟಿಯ ಉದ್ದ ನಮಗೆ ಗೊತ್ತು: ಅಲ್ಲಿ, ಗೆ, ಇಂದ. ಹೊಸದಾಗಿ ಕಲಿಯಬೇಕಾದದ್ದು ಅದರ ಅಗಲವನ್ನು ಮಾತ್ರ.

ಕನ್ನಡಕ್ಕೆ ಆಕಾರ ಕಾಣುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕಾಣುತ್ತದೆ; ‘ಮೇಲೆ’, ‘ಒಳಗೆ’, ‘ಹೊರಗೆ’ ಎಲ್ಲ ನಮ್ಮಲ್ಲಿವೆ. ಆದರೆ ಬೇಕಾದಾಗ ಹೇಳುತ್ತೇವೆ, ಬೇಡದಾಗ ಬಿಡುತ್ತೇವೆ. ‘ಹಕ್ಕಿ ಮರದಲ್ಲಿದೆ’, ‘ಹಣ್ಣು ಮರದಲ್ಲಿದೆ’ ಎಂದರೆ ನಮಗೆ ಮುಗಿಯಿತು. ಇಂಗ್ಲಿಷಿನಲ್ಲಿ ಎಲೆ ಕೊಂಬೆಗಳ ನಡುವೆ ಕೂತ ಹಕ್ಕಿ ‘ಇನ್ ದ ಟ್ರೀ’, ರೆಂಬೆಗೆ ಅಂಟಿಕೊಂಡ ಹಣ್ಣು ‘ಆನ್ ದ ಟ್ರೀ’. ನಮ್ಮ ‘ಮೇಲೆ’ಯೂ ಅವರ ‘ಆನ್’ಗಿಂತ ಅಗಲ. ಮೇಜಿನ ಮೇಲೆ ಪುಸ್ತಕ, ತಲೆಯ ಮೇಲೆ ಫ್ಯಾನು ಎಂದು ಎರಡಕ್ಕೂ ಒಂದೇ ಪದ ಹಾಕುತ್ತೇವೆ. ಫ್ಯಾನಿಗೂ ‘ಆನ್’ ಹಾಕಿದರೆ ಅದು ತಲೆಗೆ ತಾಗಿ ಕೂತಿದೆ ಎಂದಾದೀತು! ತಾಗಿದರೆ ‘ಆನ್’, ತಾಗದೆ ಮೇಲಿದ್ದರೆ ‘ಅಬವ್’ ಅಥವಾ ‘ಓವರ್’.

ಬಸ್ಸಿನ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ‘ಆನ್ ದ ಬಸ್’ ಎಂಬುದನ್ನು ಮಾತಿಗೆ ಮಾತು ಕನ್ನಡಿಸಿದರೆ ಟಾಪಿನ ಮೇಲೆ ಮೂಟೆಗಳ ಜೊತೆ ಕೂತ ಚಿತ್ರ ಬರುತ್ತದೆ. ಕಾರು, ಆಟೋಗಳಿಗೆ ‘ಇನ್’ ಇರುವಾಗ ಬಸ್ಸಿಗೇಕೆ ‘ಆನ್’? ಎದ್ದುನಿಂತು ಓಡಾಡಲು ಬರುವ ಬಸ್ಸು, ರೈಲು, ಹಡಗು, ವಿಮಾನಗಳಿಗೆ ‘ಆನ್’ ಎಂಬುದು ಮೇಷ್ಟ್ರುಗಳ ಕೈಗುಟ್ಟು. ಬಹುಮಟ್ಟಿಗೆ ಕೆಲಸ ಕೊಡುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್ಮೋರ್ ಒಂದು ಸೂಕ್ಷ್ಮ ಗಮನಿಸಿದರು. ಕೆಟ್ಟುನಿಂತು ತುಕ್ಕು ಹಿಡಿದ ಬಸ್ಸೊಳಗೆ ಮಕ್ಕಳು ಆಡುತ್ತಿದ್ದರೆ ಅವರು ‘ಇನ್ ದ ಬಸ್’. ‘ಆನ್’ ಎನ್ನಬೇಕಾದರೆ ಅದು ಸಂಚಾರದಲ್ಲಿರುವ ಬಸ್ಸಾಗಿರಬೇಕು. ಅಂದರೆ ‘ಆನ್’ ಪ್ರಯಾಣವನ್ನೂ ಹೇಳುತ್ತಿದೆ. ನಾವು ಈ ಕೆಲಸವನ್ನು ಕ್ರಿಯಾಪದಕ್ಕೆ ಒಪ್ಪಿಸಿದ್ದೇವೆ. ‘ಬಸ್ ಹತ್ತಿದೆ’, ‘ಬಸ್ ಇಳಿದೆ’ ಎಂದಾಗ ದಿಕ್ಕೆಲ್ಲ ‘ಹತ್ತು’, ‘ಇಳಿ’ಗಳಲ್ಲೇ ಅಡಗಿದೆ. ಅವರಲ್ಲಿ ಕ್ರಿಯಾಪದ ಬರಿಯ ‘ಗೆಟ್’. ದಿಕ್ಕು ತೋರಿಸಲು ‘ಆನ್’, ‘ಆಫ್’ ಬರಬೇಕು. ಆದ್ದರಿಂದ ‘ಗೆಟ್ ಆನ್’ ಎಂಬುದನ್ನು ಒಡೆಯದೆ ‘ಹತ್ತು’ ಎಂದೇ ಕಲಿಸುವುದು ಮೇಲು.

ಎಲ್ಲಕ್ಕೂ ಕಾರಣ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬೀದಿಯಲ್ಲಿ ಎನ್ನಲು ಬ್ರಿಟಿಷರಿಗೆ ‘ಇನ್ ದ ಸ್ಟ್ರೀಟ್’, ಅಮೆರಿಕನ್ನರಿಗೆ ‘ಆನ್ ದ ಸ್ಟ್ರೀಟ್’. ಉಳಿದ ಅಮೆರಿಕನ್ನರು ‘ಇನ್ ಲೈನ್’ ನಿಂತರೆ ನ್ಯೂಯಾರ್ಕಿನವರು ‘ಆನ್ ಲೈನ್’ ನಿಲ್ಲುತ್ತಾರೆ. ಇಂಗ್ಲಿಷಿನ ನೆರೆಹೊರೆಯ ಭಾಷೆಗಳಲ್ಲೂ ಲೆಕ್ಕ ಬೇರೆ ಬೇರೆ. ಸ್ಪ್ಯಾನಿಷ್ ಭಾಷೆಯ ‘ಎನ್’ ನಮ್ಮ ‘ಅಲ್ಲಿ’ಯಂತೆ ಒಳಗೂ ಮೇಲೂ ಎರಡಕ್ಕೂ ಒದಗುತ್ತದೆ. ಡಚ್ಚರು ಮೇಜಿನ ಮೇಲಿನ ಲೋಟಕ್ಕೆ ಒಂದು ಪದ, ಗೋಡೆಗೆ ತೂಗುಹಾಕಿದ ಪಟಕ್ಕೆ ಇನ್ನೊಂದು ಪದ ಬಳಸುತ್ತಾರೆ. ಇಂಗ್ಲಿಷಿಗೆ ಎರಡೂ ‘ಆನ್’. ಲೋಕ ಒಂದೇ, ಅದನ್ನು ಹೋಳು ಮಾಡುವ ಕತ್ತಿ ಬೇರೆ ಬೇರೆ. ಕನ್ನಡದ ಹುಡುಗಿ ‘ಇನ್’ ಬದಲು ‘ಆನ್’ ಎಂದರೆ ಅವಳಿಗೆ ಲೋಕ ಕಾಣದೆ ಹೋಗಿಲ್ಲ. ನಮ್ಮ ಕತ್ತಿಯಿಂದ ಅವರ ಹೋಳು ಮಾಡಿದ್ದಾಳೆ, ಅಷ್ಟೇ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಾಯಿಗೆ ಬಂದರೆ ಕಲಿಕೆ ಕೆಡುತ್ತದೆ ಎನ್ನುವವರು ಇದ್ದಾರೆ. ಅವರ ಆತಂಕ ಪೂರ್ತಿ ಹುಸಿಯಲ್ಲ. ‘ಇನ್ ಎಂದರೆ ಅಲ್ಲಿ, ಆನ್ ಎಂದರೆ ಮೇಲೆ’ ಎಂದು ಜೋಡಿಪಟ್ಟಿ ಬರೆಸಿದರೆ ಮೊದಲ ಬಸ್ಸು ಬಂದ ಕೂಡಲೇ ಮಗು ಕಂಗೆಡುತ್ತದೆ. ನಾನು ಬೇಡುವುದು ಆ ಪಟ್ಟಿಯನ್ನಲ್ಲ. ‘ಇಂದ’ ಎಂದೆಯಲ್ಲ, ಹೊರಟದ್ದು ಮೈಮೇಲಿಂದಲೋ ಒಳಗಿಂದಲೋ ನೋಡು ಎಂದು ಕೇಳುವ ಒಂದು ಪ್ರಶ್ನೆ ಸಾಕು. ಆ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಬೇಕು. ಮಿಕ್ಕದ್ದನ್ನು ಡಬ್ಬಿ, ಕಡಲೆಬೀಜಗಳು ಮಾಡುತ್ತವೆ.

ಇನ್ನು ನನ್ನ ‘ಟು ಹೋಮ್’. ಹಳೆಯ ಇಂಗ್ಲಿಷಿನಲ್ಲಿ ‘ಹೋಮ್’ ಪದದ ದ್ವಿತೀಯಾ ವಿಭಕ್ತಿಯ ರೂಪವೇ ‘ಮನೆಯ ಕಡೆಗೆ’ ಎಂಬ ಅರ್ಥ ಕೊಡುತ್ತಿತ್ತು. ಉಳಿದ ವಿಭಕ್ತಿಗಳು ಸವೆದುಹೋದರೂ ಆ ಬಳಕೆ ಮಾತ್ರ ಉಳಿದುಕೊಂಡಿತು. ದಿಕ್ಕು ಪದದೊಳಗೇ ಇರುವಾಗ ‘ಟು’ ಬೇಕಾಗಿಲ್ಲ. ಇದನ್ನು ತಿಳಿಯಲು ನನಗೆ ಎಷ್ಟೋ ವರ್ಷ ಹಿಡಿಯಿತು. ಆದರೆ ಆವತ್ತು ಸಂಜೆ ಅರ್ಜಿಯನ್ನು ಕಿಸೆಯಲ್ಲಿ ಮಡಚಿಟ್ಟುಕೊಂಡು ಬಂದಾಗ, ಎಷ್ಟೊತ್ತಿಗೆ ಬಂದೆಯೋ ಎಂದ ಅಮ್ಮನಿಗೆ ನಾನು ಹೇಳಿದ್ದೇನು? “ಐದು ಗಂಟೆಗೇ ಮನೆ ಸೇರಿದೆ.” ಮನೆಗೆ ಅಲ್ಲ, ಮನೆ. ‘ಗೆ’ಯನ್ನು ನಾನೇ ಬಿಟ್ಟಿದ್ದೆ, ಯಾರೂ ಬಾಯಿಪಾಠ ಮಾಡಿಸಿರಲಿಲ್ಲ.